ಆಡಿದ ಮಾತಿನಿಂದ ಹಿಂದೆ ಸರಿಯುವುದು
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಸೀಮೆಯ ಕಳೆದ ನೂರು ವರ್ಷಗಳ ಚರಿತ್ರೆಯ ಬಗ್ಗೆ ನಾಲ್ಕು ಮಾತುಗಳನ್ನಾಡಬೇಕೆಂದು ಉತ್ಸವ ಸಮಿತಿಯವರು ನಮ್ಮನ್ನು ಕೇಳಿಕೊಂಡಾಗ ನಾವು ಸಂತೋಷದಿಂದಲೇ ಒಪ್ಪಿಕೊಂಡೆವು. ಆದರೆ ಬರೆಯಲು ಕುಳಿತಾಗ, ಈ ಚರಿತ್ರೆಯ ತುಂಬೆಲ್ಲ ಒಂದೇ ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳತೊಡಗಿತು. ಯಾರೋ ಒಂದು ಮಾತನ್ನು ಹತ್ತು ಜನರ ಎದುರು ಆಡುತ್ತಾರೆ. ಕೆಲವು ವರ್ಷಗಳ ಬಳಿಕ ಆ ಮಾತಿನಿಂದ ಹಿಂದೆ ಸರಿಯುತ್ತಾರೆ. ಅದರ ಫಲವನ್ನು ನಮ್ಮ ಹಳ್ಳಿಗಳ ಜನ ಉಣ್ಣುತ್ತಾರೆ. ಆ ಹತ್ತು ಜನರ ಎದುರು ಮಾತನಾಡಿದವರಲ್ಲಿ ನಾವೂ ಒಬ್ಬರು. 1997ರಲ್ಲಿ ನಮ್ಮ ಮಾತನ್ನು ಕೇಳಿದವರು ಈ ಸಭೆಯಲ್ಲಿಯೂ ಕೆಲವರಿದ್ದಾರೆ. ಆದುದರಿಂದ ಚರಿತ್ರೆಯನ್ನು ಹೇಳುವ ನೆಪದಲ್ಲಿ ನಮ್ಮ ಮೇಲಿನ ಒಂದು ಹಳೆಯ ಸಾಲವನ್ನೂ ಪ್ರಸ್ತಾಪಿಸಲು ಅಪ್ಪಣೆ ಬೇಡುತ್ತೇವೆ.

ನಮ್ಮ ನಾಡಿನಲ್ಲಿ ಕೊಟ್ಟ ಮಾತಿಗೆ ಇರುವ ಬೆಲೆಯನ್ನು ತಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಪುಣ್ಯಕೋಟಿಯ ಕಥೆಯನ್ನು ಕೇಳಿ ಅತ್ತ ಮಕ್ಕಳೇ ಮುಂದೆ ನಾವಾದೆವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳುತ್ತಿದ್ದರು. ಇದರಿಂದ ಒಳ್ಳೆಯದೂ ಆಗಿದೆ, ಒಂದು ತೊಡಕೂ ಆಗಿದೆ. ಹುಲಿಗೆ ಹಸು ಕೊಟ್ಟದ್ದು ವಚನ. ಸಭೆಯಲ್ಲಿ ಎದ್ದು ನಿಂತು 'ಈ ಕಾರ್ಯ ಹೀಗಾದರೆ ಊರಿಗೆ ಒಳಿತು' ಎನ್ನುವುದು ಅಭಿಪ್ರಾಯ. ವಚನದಲ್ಲಿ ಇನ್ನೊಬ್ಬನ ಹಕ್ಕು ಇರುತ್ತದೆ, ಅದನ್ನು ಮುರಿಯುವುದು ಅವನ ವಸ್ತುವನ್ನು ಕದ್ದಂತೆ. ಅಭಿಪ್ರಾಯದಲ್ಲಿ ಇರುವುದು ನಮ್ಮ ಅರಿವು ಮಾತ್ರ, ಅದು ತಪ್ಪಾಗಿರಬಹುದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದರಿಂದಲೇ, ತಪ್ಪೆಂದು ತಿಳಿದ ಮೇಲೂ ತನ್ನ ಹಳೆಯ ಮಾತನ್ನೇ ಹಿಡಿದು ಜಗ್ಗುವವನನ್ನು ನಾವು 'ಮಾತಿನ ಮನುಷ್ಯ' ಎಂದು ಹೊಗಳುತ್ತೇವೆ.

ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯನ್ನು ತಾವು ಬಲ್ಲಿರಿ. ಅಲ್ಲಿ ಗೊರವಯ್ಯನು ಬಿಲ್ಲನ್ನೇರಿ, ನೆರೆದವರನ್ನೆಲ್ಲ ಸುಮ್ಮನಾಗಿಸಿ, ಒಂದೇ ಒಂದು ವಾಕ್ಯವನ್ನು ನುಡಿದು ಕೆಳಗೆ ಬೀಳುತ್ತಾನೆ. ಅದೇ ಕಾರಣಿಕ. ಆ ವಾಕ್ಯದ ಅರ್ಥವನ್ನು ಮಳೆಗೂ ಬೆಳೆಗೂ ರಾಜಕಾರಣಕ್ಕೂ ಹಚ್ಚಿ ವರ್ಷವೆಲ್ಲ ಮಾತನಾಡುತ್ತಾರೆ. ನೆರೆಯವರ ಶ್ರದ್ಧೆಯ ಬಗ್ಗೆ ನಾವು ಹಗುರವಾಗಿ ಆಡುವವರಲ್ಲ. ಆದರೆ ಸಾರ್ವಜನಿಕ ಜೀವನದಲ್ಲಿರುವ ನಾವು ನಮ್ಮ ಮಾತನ್ನೂ ಕಾರಣಿಕದಂತೆ ನಡೆಸಿಕೊಳ್ಳುವುದುಂಟು. ಮಾತು ಸುಳ್ಳಾದಾಗ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಅದರ ಅರ್ಥವನ್ನು ಎಳೆದು, 'ನಾನು ಅಂದು ಹೇಳಿದ್ದೇ ಇದು' ಎನ್ನುತ್ತೇವೆ. ಗೊರವಯ್ಯನಾದರೂ ನುಡಿದು ಸುಮ್ಮನಾಗುತ್ತಾನೆ.

ಇನ್ನು ಚರಿತ್ರೆಗೆ ಬರೋಣ. ಇಂದು ನಾವು ಕನ್ನಡ ರಾಜ್ಯದಲ್ಲಿ ಕುಳಿತು ಕನ್ನಡದಲ್ಲಿ ಮಾತನಾಡುತ್ತಿರುವುದಕ್ಕೆ ದೊಡ್ಡವರು ಆಡಿದ ಮಾತಿನಿಂದ ಹಿಂದೆ ಸರಿದದ್ದೂ ಒಂದು ಕಾರಣ. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷೆಯ ಆಧಾರದ ಮೇಲೆ ತನ್ನ ಪ್ರಾಂತೀಯ ಸಮಿತಿಗಳನ್ನು ರಚಿಸಿಕೊಂಡಿತು. ಭಾಷಾವಾರು ಪ್ರಾಂತಗಳಾಗಬೇಕೆಂಬುದನ್ನು 1928ರ ಮೋತಿಲಾಲ ನೆಹರೂ ವರದಿಯೂ ಎತ್ತಿ ಹಿಡಿಯಿತು. ನಮ್ಮ ಜನ ಅದನ್ನು ನಂಬಿದರು. ಆಗ ಈ ತಾಲ್ಲೂಕುಗಳು ಮದರಾಸು ಪ್ರಾಂತಕ್ಕೆ ಸೇರಿದ್ದವು. ಕನ್ನಡ ಮಾತನಾಡುವ ರೈತನ ಕಾಗದಪತ್ರ ಮದರಾಸಿನವರೆಗೆ ಹೋಗಿ ಬರಬೇಕಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ಮಾತು ಬದಲಾಯಿತು. 1948ರಲ್ಲಿ ದಾರ್ ಆಯೋಗವು ಭಾಷಾವಾರು ಪ್ರಾಂತಗಳು ಬೇಡವೆಂದಿತು. ಅದೇ ವರ್ಷದ ಕೊನೆಯಲ್ಲಿ ಜವಾಹರಲಾಲ್ ನೆಹರೂ, ವಲ್ಲಭಭಾಯಿ ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಈ ಮೂವರ ಸಮಿತಿ ನೇಮಕವಾಗಿ, 1949ರ ಏಪ್ರಿಲ್‌ನಲ್ಲಿ ತನ್ನ ವರದಿಯಲ್ಲಿ, ದೇಶ ವಿಭಜನೆಯಾದ ಇಂಥ ಹೊತ್ತಿನಲ್ಲಿ ಈ ಪ್ರಶ್ನೆಯನ್ನು ಮುಂದೂಡುವುದೇ ಲೇಸೆಂದು ಹೇಳಿತು. ಆಂಧ್ರದ ವಿಷಯದಲ್ಲಿ ಮಾತ್ರ ಸ್ವಲ್ಪ ಬಾಗಿಲು ತೆರೆದಿಟ್ಟಿತು.

ಕನ್ನಡಿಗರಿಗೆ ಇದರಿಂದ ಬಹಳ ನೋವಾಯಿತು, ನಿಜ. ಆದರೂ ಆ ವರದಿಯಲ್ಲಿ ನಾವು ಗೌರವಿಸುವ ಒಂದು ಗುಣವಿದೆ. ಕಾಂಗ್ರೆಸ್ಸು ಹಿಂದೆ ಬೇರೆ ಮಾತನ್ನು ಹೇಳಿತ್ತೆಂಬುದನ್ನು ಅದು ಮುಚ್ಚಿಡಲಿಲ್ಲ. ಹಿಂದೆ ಹೀಗೆ ಹೇಳಿದ್ದೆವು, ಈಗ ಸನ್ನಿವೇಶ ಬೇರೆ ಎಂದು ಬಾಯಿ ಬಿಟ್ಟು ಹೇಳಿತು. ಅವರ ಎಣಿಕೆ ತಪ್ಪಾಗಿತ್ತು ಎಂದು ನಾವು ಇಂದೂ ಭಾವಿಸುತ್ತೇವೆ; ಆದರೆ ಹಾಗೆ ಬಿಡಿಸಿ ಹೇಳಿದ್ದರಿಂದ ಅವರೊಡನೆ ವಾದಿಸುವುದು ಸಾಧ್ಯವಾಯಿತು.

ಮುಂದೆ ನಡೆದದ್ದು ದುಃಖದ ಕಥೆ. ಆಂಧ್ರ ರಾಜ್ಯಕ್ಕಾಗಿ ಉಪವಾಸ ಕುಳಿತ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರ್ 15ರಂದು ಮದರಾಸಿನಲ್ಲಿ ತೀರಿಕೊಂಡರು. ಡಿಸೆಂಬರ್ 19ರಂದು ಪ್ರಧಾನಿ ನೆಹರೂ ಅವರು ಆಂಧ್ರ ರಾಜ್ಯದ ರಚನೆಯನ್ನು ಲೋಕಸಭೆಯಲ್ಲಿ ಘೋಷಿಸಿದರು. ಈ ಎರಡು ತಾರೀಖುಗಳ ನಡುವಿನ ಅಂತರ ನಾಲ್ಕೇ ದಿನ. ಶಾಲೆಯಲ್ಲಿ ಈ ಪಾಠವನ್ನು ಎಷ್ಟೋ ವರ್ಷ ಹೇಳಿದ ನಮಗೆ, ಕಪ್ಪುಹಲಗೆಯ ಮೇಲೆ ಆ ಎರಡು ತಾರೀಖುಗಳನ್ನು ಒಂದರ ಕೆಳಗೊಂದು ಬರೆಯುವಾಗ ಪ್ರತಿ ಸಲವೂ ಕೈ ಸ್ವಲ್ಪ ತಡೆಯುತ್ತಿತ್ತು. ಹೇಗೂ ಬಿಟ್ಟುಕೊಡಬೇಕಾದ ಮಾತನ್ನು ತಡವಾಗಿ ಬಿಟ್ಟುಕೊಟ್ಟರೆ ಆ ತಡದ ಬೆಲೆಯನ್ನು ತೆರುವವರು ಬೇರೆಯವರು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯ ಹತ್ತು ತಾಲ್ಲೂಕುಗಳ ಪೈಕಿ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳನ್ನೊಳಗೊಂಡ ಉಳಿದ ಏಳು ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. ಬಳ್ಳಾರಿ ತಾಲ್ಲೂಕಿನ ವಿಷಯವನ್ನು ನ್ಯಾಯಮೂರ್ತಿ ಮಿಶ್ರಾ ಅವರು ಬೇರೆಯಾಗಿ ವಿಚಾರಿಸಬೇಕಾಗಿ ಬಂದಿತ್ತು. ವಿಲೀನದ ಆ ದಿನಗಳಲ್ಲಿಯೇ ಬಳ್ಳಾರಿಯಲ್ಲಿ ಉತ್ಸವದ ಚಪ್ಪರವನ್ನು ಕಾಯುತ್ತಿದ್ದ ರಂಜಾನ್ ಸಾಬರು ದುಷ್ಕರ್ಮಿಗಳ ಕೃತ್ಯಕ್ಕೆ ಬಲಿಯಾದರು. ಇಷ್ಟಾದ ಮೇಲೂ 1955ರಲ್ಲಿ ಫಜಲ್ ಅಲಿ ಆಯೋಗವು ಬಳ್ಳಾರಿ, ಸಿರುಗುಪ್ಪ, ಹೊಸಪೇಟೆಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿದಾಗ ನಮ್ಮ ಸೀಮೆಯಲ್ಲಿ ಎಂತಹ ಕಳವಳ ಹುಟ್ಟಿತೆಂಬುದನ್ನು ನಮ್ಮ ತಂದೆಯವರ ಬಾಯಿಂದ ಕೇಳಿದ್ದೇವೆ. ಕೇಂದ್ರ ಸರ್ಕಾರ ಆ ಶಿಫಾರಸನ್ನು ಒಪ್ಪಲಿಲ್ಲ. 1956ರ ನವೆಂಬರ್ 1ರಂದು ಆ ತಾಲ್ಲೂಕುಗಳು ಇದ್ದಲ್ಲಿಯೇ ಉಳಿದವು.

ಇಲ್ಲಿಯವರೆಗೆ ದೊಡ್ಡವರ ಮಾತಾಯಿತು. ಇನ್ನು ನಮ್ಮದು.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾಯಿತು. ಹರಪನಹಳ್ಳಿ ತಾಲ್ಲೂಕನ್ನು ಬಳ್ಳಾರಿ ಜಿಲ್ಲೆಯಿಂದ ಬಿಡಿಸಿ ಅದಕ್ಕೆ ಸೇರಿಸಲಾಯಿತು. ಅದಕ್ಕೆ ಮುಂಚೆ ಊರೂರುಗಳಲ್ಲಿ ಚರ್ಚೆ ನಡೆಯುತ್ತಿದ್ದಾಗ, ಪ್ರೌಢಶಾಲೆಯ ಉಪಾಧ್ಯಾಯರಾಗಿದ್ದ ನಾವು ಒಂದು ಬಹಿರಂಗ ಸಭೆಯಲ್ಲಿ ದಾವಣಗೆರೆಯ ಪರವಾಗಿ ಮಾತನಾಡಿದೆವು. ಮಾತನಾಡಿದ್ದು ಸಾಲದೆಂದು ಪತ್ರಿಕೆಗೂ ಬರೆದೆವು. ನಮ್ಮ ವಾದ ಸರಳವಾಗಿತ್ತು. ಬಳ್ಳಾರಿಗೆ ಹೋಗಬೇಕಾದರೆ ಕೊಟ್ಟೂರು, ಕೂಡ್ಲಿಗಿಗಳನ್ನು ದಾಟಿ ಹೋಗಬೇಕು, ಒಂದು ಸಹಿಗಾಗಿ ಇಡೀ ದಿನ ಹೋಗುತ್ತದೆ. ದಾವಣಗೆರೆಯಾದರೆ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಆಸ್ಪತ್ರೆ, ಮಾರುಕಟ್ಟೆ, ಕಾಲೇಜು ಎಲ್ಲವೂ ಅಲ್ಲಿವೆ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಎಂಬುದು ಉಪಾಧ್ಯಾಯರಿಗೆ ಅಪರೂಪವಾಗಿ ಸಿಗುವ ವಸ್ತು, ನಾವು ಹಿಗ್ಗಿದೆವು.

ಸಭೆ ಮುಗಿದ ಮೇಲೆ ವಯಸ್ಸಾದ ರೈತರೊಬ್ಬರು ಹತ್ತಿರ ಬಂದು, "ಮೇಷ್ಟ್ರೇ, ಹತ್ರದ ಊರಾದ್ರ ಹೋಗಿ ಬರಾಕ ಚಲೋ ಆಕ್ಕತಿ, ಖರೆ. ಆದ್ರ ಮನಿ ಬಿಟ್ಟು ಹೋದ್ಮ್ಯಾಲೆ ಮನ್ಯಾಗಿನ ಪಾಲು ಕೇಳಾಕ ಬರ್ತತೇನ್ರಿ?" ಎಂದು ಕೇಳಿದರು. ಯಾವ ಪಾಲು ಎಂದು ನಾವು ಕೇಳಲಿಲ್ಲ. ನಕ್ಕು, "ಅಜ್ಜಾರೇ, ಜಿಲ್ಲೆ ಅಂದ್ರ ಆಸ್ತಿ ಅಲ್ಲ" ಎಂದುಬಿಟ್ಟೆವು.

ಪಾಲು ಇತ್ತು. ಹೈದರಾಬಾದ್ ಕರ್ನಾಟಕದ ಅಭಿವೃದ್ಧಿ ಮಂಡಳಿಯ ಕಾಯಿದೆ 1991ರಲ್ಲಿಯೇ ಆಗಿತ್ತು. ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತದಿಂದ ಬಂದದ್ದಾದರೂ ಆ ಪ್ರದೇಶದೊಳಗೆ ಎಣಿಕೆಯಾಗಿತ್ತು. ಹಿಂದುಳಿದ ಪ್ರದೇಶಕ್ಕೆ ವಿಶೇಷ ಸ್ಥಾನ ಬೇಕೆಂಬ ಕೂಗು ಆಗಲೇ ಎದ್ದಿತ್ತು. 'ಮುಂದೆ 371 ಜೆ ಬರುತ್ತದೆಂದು 1997ರಲ್ಲಿ ಯಾರು ಕಂಡಿದ್ದರು' ಎಂದು ಕೆಲವು ಸ್ನೇಹಿತರು ನಮಗೆ ಸಮಾಧಾನ ಹೇಳುವುದುಂಟು. ಆ ಸಮಾಧಾನವನ್ನು ನಾವು ಸ್ವೀಕರಿಸುವುದಿಲ್ಲ. ತಿದ್ದುಪಡಿ ಬರುವುದು ಗೊತ್ತಿರಲಿಲ್ಲ, ಸರಿ. ಆದರೆ ಬಿಟ್ಟು ಹೋಗುವ ಮನೆಯಲ್ಲಿ ಏನಿದೆಯೆಂದು ನೋಡುವುದು ನಮ್ಮ ಕೈಯಲ್ಲಿತ್ತು. ಕಿಲೋಮೀಟರು ಎಣಿಸಿದೆವು, ಉಳಿದದ್ದನ್ನು ಎಣಿಸಲಿಲ್ಲ. 2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿ ರಾಜ್ಯದ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಹರಪನಹಳ್ಳಿಯನ್ನೂ ಸೇರಿಸಿದಾಗಲೂ ನಮಗೆ ಎಚ್ಚರವಾಗಲಿಲ್ಲ.

ಸಂವಿಧಾನದ 98ನೆಯ ತಿದ್ದುಪಡಿ 2012ರಲ್ಲಿ ಅಂಗೀಕಾರವಾಗಿ 371 ಜೆ ವಿಧಿ ಸೇರಿತು. 2013ರಲ್ಲಿ ನಿಯಮಗಳು ಬಂದವು. ಆ ಪ್ರದೇಶದೊಳಗಿನ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟುಗಳು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8 ಸೀಟುಗಳು ಅಲ್ಲಿಯ ಮಕ್ಕಳಿಗೆಂದಾಯಿತು. ಸರ್ಕಾರಿ ಉದ್ಯೋಗಗಳಲ್ಲಿಯೂ ಮೀಸಲು ಬಂದಿತು. ಹಡಗಲಿಗೆ ಬಂದಿತು, ಕೂಡ್ಲಿಗಿಗೆ ಬಂದಿತು, ಹಗರಿಬೊಮ್ಮನಹಳ್ಳಿಗೆ ಬಂದಿತು. ಒಂದೇ ಮಳೆಗೆ ಕಾಯುವ, ಒಂದೇ ಬರದಲ್ಲಿ ಗುಳೆ ಹೋಗುವ ಹರಪನಹಳ್ಳಿಗೆ ಬರಲಿಲ್ಲ; ಅದು ದಾವಣಗೆರೆ ಜಿಲ್ಲೆ.

2014ರ ಬೇಸಿಗೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗಿ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಸ್ಥಾನ ಪಡೆದಿದ್ದಳು, ಆದರೆ ಸರ್ಕಾರಿ ಸೀಟಿಗೆ ಸ್ವಲ್ಪದರಲ್ಲಿ ಸಾಲದು. ಅವಳ ಜತೆಯಲ್ಲಿ ಓದಿದ, ಅವಳಿಗಿಂತ ಹಿಂದಿನ ಸ್ಥಾನದ ಹುಡುಗಿಗೆ ಸೀಟು ಸಿಗುವಂತಿತ್ತು. ಆಕೆಯ ಊರು ಗಡಿಯಾಚೆ, ಹಡಗಲಿ ತಾಲ್ಲೂಕಿನಲ್ಲಿ. ಎರಡು ಊರುಗಳ ಹೊಲಗಳಿಗೆ ಒಂದೇ ಬದು. "ಪ್ರಮಾಣಪತ್ರಕ್ಕ ಏನಾರ ದಾರಿ ಐತೇನ್ರಿ ಸರ್" ಎಂದು ತಂದೆ ಕೇಳಿದರು. ದಾರಿ ಇರಲಿಲ್ಲ. 1997ರ ಸಭೆಯಲ್ಲಿ ಅವರು ಮುಂದಿನ ಸಾಲಿನಲ್ಲಿ ಕುಳಿತಿದ್ದರೆಂಬುದು ನಮಗೆ ನೆನಪಿತ್ತು. ಅವರು ಅದನ್ನು ಎತ್ತಲಿಲ್ಲ. ಹುಡುಗಿ ನಮ್ಮ ಮನೆಯಾಕೆ ಕೊಟ್ಟ ಚಹವನ್ನು ಕುಡಿಯದೆ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದಳು.

ಅದೇ ವರ್ಷ, ತಾಲ್ಲೂಕನ್ನು ಬಳ್ಳಾರಿಗೆ ಮರಳಿ ಸೇರಿಸಬೇಕೆಂದು ಕೇಳುವ ಒಂದು ಸಭೆಗೆ ನಮ್ಮನ್ನು ಕರೆದರು. ಇಲ್ಲಿ ನಮ್ಮ ಮನಸ್ಸಿನ ಒಂದು ದೌರ್ಬಲ್ಯವನ್ನು ಮುಚ್ಚಿಡದೆ ಹೇಳಬೇಕು. ನಾವು ಮೊದಲು ಬರೆದುಕೊಂಡ ಭಾಷಣದಲ್ಲಿ 1997ರ ಮಾತೇ ಇರಲಿಲ್ಲ. 'ನಮ್ಮ ತಾಲ್ಲೂಕಿಗೆ ಅನ್ಯಾಯವಾಗಿದೆ' ಎಂದು ಗುಡುಗುವ ಒಳ್ಳೆಯ ಭಾಷಣ ಅದು. ಅನ್ಯಾಯ ಮಾಡಿದವರು ಯಾರೋ ಬೇರೆಯವರು ಎಂಬ ಧ್ವನಿ ಅದರಲ್ಲಿತ್ತು. ಹದಿನೇಳು ವರ್ಷ ಕಳೆದಿದೆ, ಯಾರಿಗೆ ನೆನಪಿರುತ್ತದೆ, ಜನರೊಂದಿಗೆ ಸೇರಿಕೊಂಡರಾಯಿತು ಎಂದುಕೊಂಡಿದ್ದೆವು.

ಸಭೆಯ ಹಿಂದಿನ ಭಾನುವಾರ ಪಾಪನಿವೇದನೆಗೆ ಹೋದಾಗ ಈ ವಿಷಯವೂ ಬಾಯಿಗೆ ಬಂದಿತು. ಒಳಗೆ ಆಡಿದ ಮಾತು ಒಳಗೇ ಇರಲಿ. ಆದರೆ ನಾವೆಲ್ಲ ಧರ್ಮೋಪದೇಶದಲ್ಲಿ ಕಲಿತ ಒಂದು ನಿಯಮ ಅಂದು ನೆನಪಾಯಿತು. ನೆರೆಯವನ ಹೆಸರನ್ನು ಹತ್ತು ಜನರೆದುರು ಕೆಡಿಸಿದವನು ಗುರುಗಳ ಕಿವಿಯಲ್ಲಿ ಹೇಳಿ ಎದ್ದು ಬಂದರೆ ಸಾಲದು, ಕೇಳಿದವರ ಎದುರು ಸರಿಪಡಿಸಬೇಕು. ಹೆಸರಿಗೆ ಇರುವ ನಿಯಮ ಊರಿನ ಹಿತಕ್ಕೆ ಇರಬಾರದೇಕೆ? ಅಂತಿಯೋಕ್ಯದಲ್ಲಿ ಸಂತ ಪೇತ್ರರು ಅನ್ಯಜನಾಂಗದವರೊಂದಿಗೆ ಊಟ ಮಾಡುತ್ತಿದ್ದು, ಜೆರುಸಲೇಮಿನ ಕಡೆಯ ಕೆಲವರು ಬಂದೊಡನೆ ಹೆದರಿ ಮೆಲ್ಲನೆ ದೂರ ಸರಿದ ಪ್ರಸಂಗವನ್ನು ಗಲಾತ್ಯರಿಗೆ ಬರೆದ ಪತ್ರದಲ್ಲಿ ಓದುತ್ತೇವೆ. ಸಂತ ಪೌಲರು ಅವರನ್ನು ಎಲ್ಲರೆದುರು ಎದುರಿಸಿದರು. ಪೇತ್ರರು ಸರಿಯಾದ ನಿಲುವಿನಿಂದ ಮೆಲ್ಲನೆ ಸರಿದಿದ್ದರು. ನಾವು ತಪ್ಪು ನಿಲುವಿನಿಂದ ಮೆಲ್ಲನೆ ಸರಿಯಲು ಹೊರಟಿದ್ದೆವು. ಹೆದರಿಕೆ ಮಾತ್ರ ಎರಡು ಕಡೆಯೂ ಒಂದೇ: ನೋಡುವವರು ಏನನ್ನುತ್ತಾರೋ!

ಹಳೆಯ ಪೆಟ್ಟಿಗೆಯಿಂದ ಆ ಪತ್ರಿಕೆಯ ತುಣುಕನ್ನು ಹುಡುಕಿ ತೆಗೆದೆವು. ಸಭೆಯಲ್ಲಿ ಮೊದಲು ಅದನ್ನೇ ಓದಿದೆವು. "ಇದನ್ನು ಬರೆದವರು ನಾವು. ಹತ್ತಿರದ ಊರೆಂಬುದು ಅಂದೂ ನಿಜ, ಇಂದೂ ನಿಜ, ಅದನ್ನು ಹಿಂತೆಗೆದುಕೊಳ್ಳುವುದಿಲ್ಲ. ಹತ್ತಿರವಾದರೆ ಸಾಕು, ಬೇರೇನೂ ಕಳೆದುಕೊಳ್ಳುವುದಿಲ್ಲ ಎಂದದ್ದು ತಪ್ಪು. ವಿಚಾರಿಸದೆ ಆಡಿದ ಮಾತು ಅದು. ಅಂದು ಕೇಳಿದವರು ಇಂದು ಇಲ್ಲಿದ್ದರೆ ಕ್ಷಮಿಸಬೇಕು" ಎಂದೆವು.

ಯಾರಾದರೂ ಕಣ್ಣೀರು ಹಾಕಿದರೆಂದು ತಾವು ಊಹಿಸಬಾರದು. ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ವೇದಿಕೆಯ ಮೇಲಿದ್ದ ಒಬ್ಬರು ಮೈಕು ಬೇಗ ಬಿಟ್ಟುಕೊಡಿರೆಂದು ಸನ್ನೆ ಮಾಡಿದರು. 1997ರಲ್ಲಿ ನಮ್ಮೊಂದಿಗೆ ಅದೇ ಮಾತನ್ನಾಡಿದ್ದ ಆತ್ಮೀಯ ಮಿತ್ರರೊಬ್ಬರು, "ನೀನು ನಿನ್ನ ತಪ್ಪು ಹೇಳಿಕೊಳ್ಳಲಿಲ್ಲ, ನನ್ನ ಮಾನ ಕಳೆದೆ" ಎಂದು ಎರಡು ವರ್ಷ ಮಾತು ಬಿಟ್ಟರು. ಅವರ ಹೆಸರನ್ನು ನಾವು ಎತ್ತಿರಲಿಲ್ಲ. ಆದರೂ ಅವರ ಕೋಪದಲ್ಲಿ ಅರ್ಥವಿತ್ತು: ಜತೆಯಾಗಿ ಆಡಿದ ಮಾತನ್ನು ಒಬ್ಬನೇ ಹಿಂತೆಗೆದುಕೊಂಡರೆ ಇನ್ನೊಬ್ಬನು ಬಯಲಲ್ಲಿ ನಿಲ್ಲುತ್ತಾನೆ. ಮುಂಚಿತವಾಗಿ ಅವರ ಮನೆಗೆ ಹೋಗಿ ತಿಳಿಸಬೇಕಾಗಿತ್ತು. ತಿಳಿಸಲಿಲ್ಲ, ಅದೂ ನಮ್ಮ ಲೆಕ್ಕದಲ್ಲಿಯೇ ಇದೆ.

ಎಷ್ಟನ್ನು ಹಿಂತೆಗೆದುಕೊಳ್ಳಬೇಕು, ಎಷ್ಟನ್ನು ಉಳಿಸಿಕೊಳ್ಳಬೇಕು ಎಂಬುದರಲ್ಲಿ ನಮಗೆ ಸಂತ ಅಗಸ್ಟೀನರು ದಾರಿ ತೋರಿಸಿದರು. 430ರಲ್ಲಿ ತೀರಿಕೊಂಡ ಆ ಮಹನೀಯರು ಅದಕ್ಕೆ ಮೂರು ನಾಲ್ಕು ವರ್ಷ ಮುಂಚೆ, ತಾವು ಬರೆದ 93 ಕೃತಿಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು, ಈ ವಾಕ್ಯ ಸರಿಯಿಲ್ಲ, ಈ ಪದವನ್ನು ಹೀಗೆ ಬಳಸಬಾರದಾಗಿತ್ತು, ಇದು ಹಾಗೆಯೇ ಇರಲಿ ಎಂದು ಗುರುತು ಹಾಕುತ್ತಾ ಒಂದು ಗ್ರಂಥವನ್ನೇ ರಚಿಸಿದರು. ಎಲ್ಲವನ್ನೂ ಸುಟ್ಟುಬಿಡಿ ಎನ್ನಲಿಲ್ಲ, ಎಲ್ಲವೂ ಸರಿ ಎಂದೂ ಹೇಳಲಿಲ್ಲ. ಆದರೆ ಅವರ ಜೀವನದಲ್ಲಿಯೇ ಇನ್ನೊಂದು ಪಾಠವೂ ಇದೆ. ಒಡೆದು ಹೋದವರನ್ನು ಬಲವಂತದಿಂದ ಸಭೆಗೆ ಎಳೆದು ತರಬಾರದೆಂದು ಮೊದಲು ಭಾವಿಸಿದ್ದ ಅವರು, ಬಲವಂತದಿಂದ ತಮ್ಮ ಹುಟ್ಟೂರು ಒಂದಾದದ್ದನ್ನು ಕಂಡು, ಅಭಿಪ್ರಾಯ ಬದಲಿಸಿಕೊಂಡೆನೆಂದು ಪತ್ರವೊಂದರಲ್ಲಿ ಬರೆದರು. ಆ ಬದಲಾವಣೆಯ ಹೆಸರಿನಲ್ಲಿ ಮುಂದಿನ ಶತಮಾನಗಳಲ್ಲಿ ಏನೇನಾಯಿತೆಂಬುದು ಚರಿತ್ರೆಗೆ ಗೊತ್ತು. 1965ರ ಡಿಸೆಂಬರ್ 7ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯನ್ನು ಹೊರಡಿಸಿ, ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದೆಂದು ಸಾರಿತು. ಹಿಂದೆ ಸರಿದವರೆಲ್ಲ ಒಳ್ಳೆಯ ಕಡೆಗೇ ಸರಿಯುತ್ತಾರೆಂಬ ಭರವಸೆ ಇಲ್ಲ ಎಂಬುದಕ್ಕೆ ಇದನ್ನು ಹೇಳಿದೆವು. ನಮ್ಮ 2014ರ ಮಾತೂ ಮುಂದೊಂದು ದಿನ ಅರ್ಧ ತಪ್ಪೆಂದು ಕಂಡುಬಂದರೆ ನಾವು ಆಶ್ಚರ್ಯಪಡುವುದಿಲ್ಲ.

ಮುಂದಿನದನ್ನು ತಾವು ಬಲ್ಲಿರಿ. ಅನೇಕರ ಹೋರಾಟದ ಫಲವಾಗಿ 2018ರಲ್ಲಿ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಗೆ ಮರಳಿತು. ನಮ್ಮ ಒಂದು ಭಾಷಣದಿಂದ ಅದು ಹೋದದ್ದೂ ಅಲ್ಲ, ಇನ್ನೊಂದು ಭಾಷಣದಿಂದ ಬಂದದ್ದೂ ಅಲ್ಲ. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಟ್ಟುಕೊಂಡು ವಿಜಯನಗರ ಜಿಲ್ಲೆಯಾದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳೂ ಅದರೊಳಗೆ ಒಂದಾದವು. ಒಂದೇ ಮನೆಯಲ್ಲಿ ವಾಸವಾಗಿದ್ದು ನಾವು ಮೂರು ಜಿಲ್ಲೆಗಳ ವಿಳಾಸ ಬರೆದಿದ್ದೇವೆ; ಅಂಚೆಯವನು ಮಾತ್ರ ಯಾವ ಕಾಲದಲ್ಲಿಯೂ ದಾರಿ ತಪ್ಪಲಿಲ್ಲ. ಜ್ವರ ಬಂದರೆ ಇಂದಿಗೂ ದಾವಣಗೆರೆಯ ಬಸ್ಸನ್ನೇ ಹತ್ತುತ್ತೇವೆ.

ಆ ಹುಡುಗಿ ವೈದ್ಯೆಯಾಗಲಿಲ್ಲ. ವಿಜ್ಞಾನದ ಪದವಿ ಪಡೆದು ಈಗ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಚೆನ್ನಾಗಿ ಹೇಳುತ್ತಾಳೆಂದು ಕೇಳಿದ್ದೇವೆ. ಅವಳ ತಮ್ಮನಿಗೆ ಪ್ರಮಾಣಪತ್ರ ದೊರೆತು, ಅವನು ತನಗೆ ಬೇಕಾದ ಓದಿಗೆ ಸೇರಿಕೊಂಡ. ಆ ಸುದ್ದಿಯನ್ನು ತಿಳಿಸಲು ಪೇಡೆ ಹಿಡಿದುಕೊಂಡು ಬಂದ ತಂದೆ, ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಮೊದಲ ಬಾರಿಗೆ ಆ ಮಾತನ್ನು ಎತ್ತಿದರು. "ಸರ್, ಅವತ್ತು ಸಭೆದಾಗ ನೀವು ಹಳೇ ಪೇಪರ್ ಓದಿದ್ದು ಚಲೋ ಆತು. ಆದ್ರ ಹದಿನೇಳು ವರ್ಷ ತಡ ಆತು ನೋಡ್ರಿ."

ಹೌದು ಎಂದೆವು. ಅವರು ಗೇಟಿನ ತನಕ ಹೋಗಿ, ಕೈಮುಗಿದು, ಬಸ್ಸಿನ ಹೊತ್ತಾಯಿತೆಂದು ಹೊರಟುಹೋದರು.